ಷರಾ ಕಾಲಂನಲ್ಲಿ ಉಳಿದುಹೋದ ಊರು: ಒಂದು ಇಂಟರ್ನ್‌ಶಿಪ್‌ನ ಪ್ರಕರಣ ಅಧ್ಯಯನ

ಆರನೆಯ ವಾರದ ಪರಿಶೀಲನಾ ಸಭೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಬೆಂಗಳೂರಿನಿಂದ ಮಾತನಾಡಿದ ನವೋದ್ಯಮದ (ಸ್ಟಾರ್ಟ್‌ಅಪ್‌ನ) ಸ್ಥಾಪಕರು ಪರದೆಯ ಮೇಲೆ ಪಟ್ಟಿಯೊಂದನ್ನು ತೆರೆದು, ಅದರ ಅಡಿಯಲ್ಲಿದ್ದ ಮೊತ್ತವನ್ನು ತೋರಿಸಿ, ‘ಗುರಿ 120, ಆಗಿರುವುದು 47. ಹೀಗೇ ಮುಂದುವರಿದರೆ ಪ್ರಮಾಣಪತ್ರದ ವಿಷಯ ಯೋಚಿಸಬೇಕಾಗುತ್ತದೆ’ ಎಂದರು. ಕುರುಗೋಡು ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಕುಳಿತಿದ್ದ ಇಂಟರ್ನ್ ‘ಸರಿ ಸರ್’ ಎಂದಳು. ಪಟ್ಟಿಯನ್ನು ಇನ್ನೊಂದಿಷ್ಟು ಬಲಕ್ಕೆ ಸರಿಸಿದ್ದರೆ ‘ಷರಾ’ ಎಂಬ ಕೊನೆಯ ಕಾಲಂ ಕಾಣುತ್ತಿತ್ತು. ಬಳ್ಳಾರಿಯ ಜೀನ್ಸ್ ಉದ್ಯಮ ಹೇಗೆ ನಡೆಯುತ್ತದೆ ಎಂಬುದನ್ನು ಅವಳು ಅಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದಳು. ಯಾರೂ ಸರಿಸಲಿಲ್ಲ.

ನಾನು ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವಳು. ಆ ವಿದ್ಯಾರ್ಥಿನಿಗೆ ಕಾಲೇಜಿನ ಕಡೆಯಿಂದ ಮಾರ್ಗದರ್ಶಕಿಯಾಗಿದ್ದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಹೆಸರನ್ನೂ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇನೆ. ಮನೆಯಿಂದಲೇ ಮಾಡುವ ಇಂಟರ್ನ್‌ಶಿಪ್ ಎಂದೊಡನೆ ನಮ್ಮ ಭಾಗದಲ್ಲಿ ಎಲ್ಲರೂ ನೆಟ್‌ವರ್ಕು, ಕರೆಂಟಿನ ಮಾತೆತ್ತುತ್ತಾರೆ. ಆ ತೊಂದರೆಗಳು ಇವಳಿಗೂ ಇದ್ದವು. ಸಿಗ್ನಲ್ ಹುಡುಕಿ ಮಾಳಿಗೆ ಹತ್ತುವುದು, ಕರೆಂಟು ಹೋಗುವ ಮೊದಲೇ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳುವುದು ಅವಳಿಗೆ ಒಂದೇ ವಾರದಲ್ಲಿ ರೂಢಿಯಾಯಿತು. ಕೆಲಸ ಕೆಟ್ಟದ್ದು ಬೇರೆ ಕಡೆ. ಊರಿನಲ್ಲಿದ್ದವಳು ಕಣ್ಣಾರೆ ಕಂಡದ್ದು ಊರಿಂದ ದೂರ ಇದ್ದವರಿಗೆ ಮುಟ್ಟಲು ದಾರಿಯನ್ನೇ ಯಾರೂ ಮಾಡಿರಲಿಲ್ಲ.

ಕಾವು ಕೊಡುವ ಮನೆ

ಇನ್‌ಕ್ಯುಬೇಟರ್ ಎಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟೇವಿಯ ಪಟ್ಟಣದಲ್ಲಿ ಕಾರ್ಖಾನೆಯೊಂದು ಮುಚ್ಚಿದಾಗ, ಅದರ ದೊಡ್ಡ ಕಟ್ಟಡವನ್ನು ಜೋಸೆಫ್ ಮ್ಯಾಂಕುಸೊ ಎಂಬುವರು 1959ರಲ್ಲಿ ತುಂಡುತುಂಡಾಗಿ ಚಿಕ್ಕ ಉದ್ಯಮಗಳಿಗೆ ಬಾಡಿಗೆಗೆ ಕೊಡಲು ಆರಂಭಿಸಿದರು. ಬಾಡಿಗೆಗೆ ಬಂದವರಲ್ಲಿ ಕೋಳಿಮರಿ ಮಾಡಿಸುವ ಕಂಪನಿಯೂ ಇತ್ತು. ಉದ್ಯಮ ಬೆಳೆಸುವ ಜಾಗಕ್ಕೆ ಈ ಹೆಸರು ಅಂಟಿಕೊಂಡದ್ದು ಅಲ್ಲಿಂದಲೇ. ನಮ್ಮಲ್ಲಿ 2016ರ ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಕಾರ್ಯಕ್ರಮ ಶುರುವಾಯಿತು. 2021ರಲ್ಲಿ, ನವೋದ್ಯಮಗಳಿಗೆ ಆರಂಭದ ಹಣ ಕೊಡಲು, 945 ಕೋಟಿ ರೂಪಾಯಿಯ ಬೀಜನಿಧಿ (ಸೀಡ್ ಫಂಡ್) ಯೋಜನೆ ಬಂತು. ಆ ಹಣ ನವೋದ್ಯಮದ ಕೈಗೆ ನೇರವಾಗಿ ಬರುತ್ತಿರಲಿಲ್ಲ. ಇನ್‌ಕ್ಯುಬೇಟರ್ ಮೂಲಕವೇ ಬರಬೇಕಿತ್ತು. ತಮ್ಮ ಕಲ್ಪನೆ ನಡೆಯುತ್ತದೆಯೇ ಎಂದು ಪರೀಕ್ಷಿಸಿ ನೋಡಲು 20 ಲಕ್ಷ ರೂಪಾಯಿಯವರೆಗೆ ಅನುದಾನ ಸಿಗುತ್ತಿತ್ತು, ಅದೂ ಮೊದಲೇ ಬರೆದುಕೊಟ್ಟ ಗುರಿಗಳನ್ನು ಮುಟ್ಟಿದಂತೆಲ್ಲ ಕಂತುಕಂತಾಗಿ. ನಮ್ಮ ಪ್ರಕರಣದ ನವೋದ್ಯಮಕ್ಕೂ ಇಂಥದೇ ಕಂತಿನ ಹಣ ಸಿಕ್ಕಿತ್ತು. 120 ಎಂಬ ಸಂಖ್ಯೆ ಹುಟ್ಟಿದ್ದು ಆ ಗುರಿಪತ್ರದಲ್ಲಿ.

ಇಬ್ಬರು ಸ್ಥಾಪಕರ ಚಿಕ್ಕ ಕಂಪನಿ ಅದು. ಜೀನ್ಸ್ ಹೊಲಿಸಬೇಕಾದ ವ್ಯಾಪಾರಿಗಳನ್ನೂ ಹೊಲಿಯುವ ಘಟಕಗಳನ್ನೂ ಜೋಡಿಸುವ ಆ್ಯಪ್ ಒಂದನ್ನು ಕಟ್ಟುತ್ತಿದ್ದರು. ಜೀನ್ಸ್ ಎಂದರೆ ಬಳ್ಳಾರಿ ಎಂದು ಕೇಳಿದ್ದರು. ಆದರೆ ಇಬ್ಬರೂ ಬಳ್ಳಾರಿಗೆ ಬಂದವರಲ್ಲ. ಇನ್‌ಕ್ಯುಬೇಟರ್ ತನ್ನಲ್ಲಿರುವ ನವೋದ್ಯಮಗಳಿಗೆಂದು ಇಂಟರ್ನ್‌ಗಳನ್ನು ಕರೆದಾಗ ನಮ್ಮ ಹುಡುಗಿ ಅರ್ಜಿ ಹಾಕಿದಳು. ವಿಳಾಸದಲ್ಲಿ ಬಳ್ಳಾರಿ ಜಿಲ್ಲೆ ಎಂದಿದ್ದರಿಂದ ಈ ಕಂಪನಿಗೆ ಸಿಕ್ಕಿದಳು. ಅವಧಿ 14 ವಾರ, ತಿಂಗಳಿಗೆ 8,000 ರೂಪಾಯಿ, ಕೆಲಸ ಮನೆಯಿಂದ. ಅವಳು ಬಳ್ಳಾರಿಯವಳು ಎಂಬ ಕಾರಣಕ್ಕೇ ಅವಳನ್ನು ಆರಿಸಿದರು. ಹಾಗಿದ್ದರೂ ನಿಯಮಗಳಲ್ಲಿ ಬಳ್ಳಾರಿಯೊಳಗೆ ಓಡಾಡಲು ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ. ಇದನ್ನು ಒಪ್ಪಂದಕ್ಕೆ ಸಹಿ ಮಾಡಿದ ದಿನವೇ ನಾನು ಗಮನಿಸಬೇಕಿತ್ತು.

ಅವಳಿಗೆ ಕೊಟ್ಟದ್ದು ನಕ್ಷೆಗಳಿಂದಲೂ ವ್ಯಾಪಾರದ ಜಾಲತಾಣಗಳಿಂದಲೂ ಹೆಕ್ಕಿದ 120 ಘಟಕಗಳ ಪಟ್ಟಿ. ಪ್ರತಿ ಸಾಲಿಗೆ ಫೋನ್ ಮಾಡಿ ಮಾಲೀಕರ ಹೆಸರು, ಹೊಲಿಗೆ ಯಂತ್ರಗಳ ಸಂಖ್ಯೆ, ದಿನಕ್ಕೆ ಎಷ್ಟು ಪೀಸ್ ಮಾಡಬಲ್ಲರು, ಹೊಸ ಆರ್ಡರ್ ಬೇಕೇ ಎಂದು ಕೇಳಿ ತುಂಬಬೇಕು. ಎಲ್ಲವೂ ಸಿಕ್ಕರೆ ‘ದೃಢಪಟ್ಟಿದೆ’ ಎಂಬ ಕಾಲಂನಲ್ಲಿ ‘ಹೌದು’. ಅಡಿಯಲ್ಲಿ ಬರುವ ಮೊತ್ತ ‘ಹೌದು’ಗಳನ್ನು ಮಾತ್ರ ಎಣಿಸುತ್ತಿತ್ತು.

ಫೋನ್ ಎತ್ತದ ಕೌಲ್ ಬಜಾರ್

ಮೊದಲ ವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಫೋನ್ ಮಾಡಿದಳು. ಹೆಚ್ಚಿನವರು ಎತ್ತಲಿಲ್ಲ. ಎತ್ತಿದವರು ‘ಯಾವ ಕಂಪನಿ? ಲೋನಿನವರಾ?’ ಎಂದು ಕೇಳಿ ಇಟ್ಟುಬಿಟ್ಟರು. ಅದು ಫೆಬ್ರುವರಿ ಕೊನೆ, ರಂಜಾನ್ ಹತ್ತಿರವಿತ್ತು. ಹಬ್ಬದ ಮಾಲು ಹೊರಡಬೇಕಾದ ಆ ದಿನಗಳಲ್ಲಿ ಯಂತ್ರಗಳ ಸದ್ದಿನ ನಡುವೆ ಗೊತ್ತಿಲ್ಲದ ನಂಬರಿನ ಕರೆಯನ್ನು ಯಾರು ಎತ್ತುತ್ತಾರೆ? ರೋಜಾ ಶುರುವಾದ ಮೇಲೆ ಹಲವು ಕಡೆ ಹೊಲಿಗೆಯ ಹೊತ್ತೇ ರಾತ್ರಿಗೆ ಸರಿಯಿತು. ಬೆಳಿಗ್ಗೆ ಹತ್ತು ಎಂದರೆ ಕಾರಿಗರರು ಮಲಗಿರುವ ಹೊತ್ತು. ಬೆಂಗಳೂರಿನ ಕಚೇರಿಯ ವೇಳೆಯನ್ನು ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳ ಕೌಲ್ ಬಜಾರ್ ಪಾಲಿಸುವುದಿಲ್ಲ ಎಂಬುದು ಅವಳ ಮೊದಲ ಷರಾ. ಆ ಸಾಲು ಈಗಲೂ ನನ್ನಲ್ಲಿದೆ.

ಎರಡನೆಯ ವಾರ ಅವಳು ಯಾರನ್ನೂ ಕೇಳದೆ ಬಸ್ ಹತ್ತಿದಳು. ರಾಜ್ಯದಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಗಿದೆ. ಶಕ್ತಿ ಯೋಜನೆ ಇರದಿದ್ದರೆ ಮೆಣಸಿನಕಾಯಿ ಬೆಳೆಯುವ ಅಪ್ಪನ ಮುಂದೆ ವಾರಕ್ಕೆ ಮೂರು ಸಲ ಬಸ್ ಚಾರ್ಜಿಗೆ ಕೈ ಚಾಚಲು ತನ್ನಿಂದ ಆಗುತ್ತಿರಲಿಲ್ಲ ಎಂದು ಅವಳೇ ಹೇಳಿದಳು. ಆಧಾರ್ ಕಾರ್ಡು, ನೋಟ್ ಪುಸ್ತಕ, ನೀರಿನ ಬಾಟಲಿ ಹಿಡಿದು ಓಣಿ ಓಣಿ ನಡೆದಳು. ಕನ್ನಡದಲ್ಲಿ ಮಾತು ಶುರು ಮಾಡಿ, ಎದುರಿನವರು ತೆಲುಗಿಗೆ ಹೊರಳಿದರೆ ತಾನೂ ಹೊರಳುತ್ತಿದ್ದಳು. ಕುರುಗೋಡಿನ ಕಡೆಯವರು ಬಳ್ಳಾರಿಗೆ ಬಂದು ಎರಡು ಭಾಷೆಯಲ್ಲಿ ವ್ಯವಹಾರ ಮಾಡುವುದು ದೊಡ್ಡ ಸಂಗತಿಯಲ್ಲ. ಆದರೆ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಅಲ್ಲಿ ಅವಳು ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಕರಣದ ತಿರುಳು ಇಲ್ಲಿದೆ.

ಬಳ್ಳಾರಿ ಬ್ರಿಟಿಷರ ದಂಡು ಇದ್ದ ಊರು. ಸೈನಿಕರಿಗೆ ಸಮವಸ್ತ್ರ ಹೊಲಿದುಕೊಟ್ಟ ದರ್ಜಿ ಕುಟುಂಬಗಳ ಕಸುಬೇ ಮುಂದೆ ಜೀನ್ಸಿಗೆ ತಿರುಗಿತು ಎಂದು ಹಿರಿಯರು ಹೇಳುತ್ತಾರೆ. ಆ ಕಸುಬು ಇಂದಿಗೂ ಒಂದೇ ಸೂರಿನಡಿ ನಡೆಯುವುದಲ್ಲ. ಒಬ್ಬರು ಡೆನಿಮ್ ಥಾನು ತರಿಸಿ, ಕಟಿಂಗ್ ಮಾಸ್ಟರ್ ಕೈಯಲ್ಲಿ ಕತ್ತರಿಸಿ, ಕಟ್ಟು ಕಟ್ಟಿ ಹೊಲಿಗೆಗೆ ಕಳುಹಿಸುತ್ತಾರೆ. ಹೊಲಿಯುವವರು ಬೇರೆ, ಕೆಲವರಲ್ಲಿ ಇಪ್ಪತ್ತು ಯಂತ್ರ, ಕೆಲವರಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮೂರೇ ಮೂರು. ಹೊಲಿದ ಪ್ಯಾಂಟು ವಾಷಿಂಗ್ ಘಟಕಕ್ಕೆ ಹೋಗುತ್ತದೆ. ಅಲ್ಲಿ ಬಣ್ಣ ಇಳಿಸಿ, ಬಟ್ಟೆ ಮೆತ್ತಗೆ ಮಾಡಿ, ಒಣಗಿಸಿ ಕೊಡುತ್ತಾರೆ. ಮತ್ತೆ ಇನ್ನೊಂದು ಕಡೆ ಗುಂಡಿ, ರಿವೆಟ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್. ಒಂದು ಲಾಟ್, ಎಂದರೆ ಒಟ್ಟಿಗೆ ಕತ್ತರಿಸಿದ ಮಾಲು, ನಾಲ್ಕಾರು ಕೈ ದಾಟಿ ಮಾರುಕಟ್ಟೆಗೆ ಹೊರಡುತ್ತದೆ.

ಹೀಗಿರುವಾಗ ‘ದಿನಕ್ಕೆ ಎಷ್ಟು ಪೀಸ್’ ಎಂದು ಒಂದು ಘಟಕವನ್ನು ಕೇಳಿದರೆ ಅವರೇನು ಹೇಳಬೇಕು? ಒಬ್ಬ ಮಾಲೀಕರು ಅವಳಿಗೆ ಹೇಳಿದ್ದು ಹೀಗೆ: ‘ಯಂತ್ರ ಇಪ್ಪತ್ತು ಇವೆ ತಂಗಿ, ಇವತ್ತು ಕೂರುವವರು ಹನ್ನೆರಡು ಜನ. ಹಬ್ಬ ಮುಗಿದರೆ ಎಂಟು. ಹೊಲಿದು ಕೊಟ್ಟರೂ ವಾಷಿಂಗ್‌ನಲ್ಲಿ ಸರದಿ ಬರಬೇಕು. ಯಾವುದನ್ನು ಬರೆದುಕೊಳ್ಳುತ್ತೀಯ?’ ಅವಳು ಮೂರನ್ನೂ ಬರೆದುಕೊಂಡಳು. ಪಟ್ಟಿಯ ಚೌಕದಲ್ಲಿ ಒಂದೇ ಅಂಕಿಗೆ ಜಾಗವಿತ್ತು. ಮಿಕ್ಕಿದ್ದು ಷರಾಕ್ಕೆ ಹೋಯಿತು.

ಆರ್ಡರ್ ಬೇಕೇ ಎಂಬ ಪ್ರಶ್ನೆಗೆ ಎಲ್ಲರೂ ಹೌದು ಎಂದೇ ಹೇಳಿದರು. ಚಹಾ ಬಂದು, ಮಾತು ಬೆಳೆದ ಮೇಲೆ ಬೇರೆ ಸಂಗತಿ ಹೊರಬಿತ್ತು. ಆರ್ಡರ್ ಸಿಗದಿರುವುದು ಅವರ ದೊಡ್ಡ ಚಿಂತೆಯಲ್ಲ, ಹಣ ಸಿಗದಿರುವುದು. ಮಾಲು ಉದ್ದರಿಯಲ್ಲಿ ಹೋಗುತ್ತದೆ. ಎರಡು ತಿಂಗಳಾದರೂ ಬಾಕಿ ಬರುವುದಿಲ್ಲ. 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಲೇಬೇಕು. ಆದರೆ ಆ ರಕ್ಷಣೆ ಸಿಗಬೇಕಾದರೆ ನೋಂದಣಿ ಬೇಕು, ಕಾಗದ ಬೇಕು. ‘ಕಾಗದ ಕೇಳಿದರೆ ಮುಂದಿನ ಲಾಟ್ ಪಕ್ಕದ ಓಣಿಗೆ ಹೋಗುತ್ತದೆ’ ಎಂದರು ಇನ್ನೊಬ್ಬರು.

ಎರಡನೆಯ ಚಿಂತೆ, ಲಾಟ್ ಎಲ್ಲಿದೆ ಎಂಬುದು. ಕತ್ತರಿಸಿದ ಮಾಲನ್ನು ಬೇರೆಯವರಲ್ಲಿ ಹೊಲಿಸುವುದನ್ನು ಜಾಬ್ ವರ್ಕ್ ಎನ್ನುತ್ತಾರೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೆಯ ಕಲಂ ಹಾಗೆ ಕಳುಹಿಸಿದ ಮಾಲಿಗೆ ತೆರಿಗೆ ಕೇಳುವುದಿಲ್ಲ, ಆದರೆ ಒಂದು ವರ್ಷದೊಳಗೆ ಅದು ಮರಳಿ ಬರಬೇಕು, ಜೊತೆಗೆ ಚಲನ್ (ಮಾಲಿನ ವಿವರದ ಚೀಟಿ) ಇರಬೇಕು. ಆ ಚಲನ್ ಪುಸ್ತಕದ ಪಕ್ಕದಲ್ಲೇ ಉದ್ದನೆಯ ಇನ್ನೊಂದು ಪುಸ್ತಕವನ್ನು ಒಬ್ಬ ಮಾಲೀಕರು ತೆರೆದು ತೋರಿಸಿದರು. ಯಾವ ಲಾಟ್ ಯಾರ ಮನೆಗೆ ಹೋಗಿದೆ, ಎಷ್ಟು ಕಟ್ಟು, ಎಷ್ಟು ಪೀಸ್ ಮರಳಿ ಬಂತು, ಎಷ್ಟು ಕಡಿಮೆ ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಪ್ರತಿ ವಾರ ಹತ್ತಾರು ಪೀಸ್ ಲೆಕ್ಕಕ್ಕೆ ಸಿಗುವುದಿಲ್ಲ, ಅದರಿಂದಲೇ ಜಗಳ. ‘ಆ್ಯಪ್ ಮಾಡುವುದಾದರೆ ಈ ಪುಸ್ತಕಕ್ಕೆ ಮಾಡಿಸು’ ಎಂದು ಅವರು ಇವಳಿಗೆ ಹೇಳಿದ್ದು ಮೂರನೆಯ ವಾರದಲ್ಲಿ. ಅದೂ ಷರಾದಲ್ಲಿದೆ, 52ನೆಯ ಸಾಲು.

ಆರನೆಯ ವಾರದ ಹೊತ್ತಿಗೆ ಪಟ್ಟಿ ಹೀಗಿತ್ತು: 47 ಸಾಲುಗಳಲ್ಲಿ ‘ಹೌದು’. 18 ಸಾಲುಗಳು ಪಟ್ಟಿಯಲ್ಲಿ ಆಗಲೇ ಇದ್ದ ಮಾಲೀಕರದೇ ಬೇರೆ ಬೋರ್ಡುಗಳು. 11 ವಾಷಿಂಗ್ ಘಟಕಗಳು, ಹೊಲಿಗೆಯವಲ್ಲ. 9 ಜಿಪ್, ದಾರ, ಗುಂಡಿ ಮಾರುವ ಅಂಗಡಿಗಳು. 8 ಮುಚ್ಚಿವೆ. ತಲುಪಲಾಗದವು 27. ಎಂದರೆ 93 ಸಾಲುಗಳ ಸತ್ಯ ಏನೆಂದು ಅವಳು ಹುಡುಕಿ ತೆಗೆದಿದ್ದಳು. ಮೊತ್ತದಲ್ಲಿ ಕಂಡದ್ದು 47.

ಯಾರು ಓದಲಿಲ್ಲ

ಸಭೆಯ ಮರುದಿನ ಅವಳು ಪಟ್ಟಿಯ ಮುದ್ರಿತ ಪ್ರತಿ ಹಿಡಿದು ನನ್ನ ಕೋಣೆಗೆ ಬಂದಳು. ಎ4 ಹಾಳೆಗೆ ಷರಾ ಕಾಲಂ ಹಿಡಿಸದೆ ಬೇರೆ ಹಾಳೆಗಳಲ್ಲಿ ಬಂದಿತ್ತು. ಅವನ್ನು ಅಂಟು ಹಚ್ಚಿ ಜೋಡಿಸಿದ್ದಳು. ‘ಸಭೆಯಲ್ಲಿ ಇದನ್ನು ಏಕೆ ಹೇಳಲಿಲ್ಲ?’ ಎಂದು ಕೇಳಿದೆ.

‘ಅವರು ಸಂಖ್ಯೆ ಕೇಳಿದರು ಮೇಡಂ. ಷರಾ ಕೇಳಲಿಲ್ಲ.’

ಆ ಉತ್ತರ ಕೇಳಿ ನಾನು ಅವಳ ಇಂಟರ್ನ್‌ಶಿಪ್ ದಿನಚರಿಯನ್ನು ತೆರೆದೆ. ಐದು ವಾರದ ಐದು ಪುಟಗಳ ಅಡಿಯಲ್ಲೂ ನನ್ನ ಸಹಿ ಇದೆ. ಮೂರನೆಯ ವಾರದ ಪುಟದಲ್ಲಿ ಅವಳು ಬರೆದಿದ್ದಳು: ‘ಘಟಕಗಳಿಗೆ ಆರ್ಡರ್‌ಗಿಂತ ಲಾಟ್ ಲೆಕ್ಕದ ತೊಂದರೆ ಹೆಚ್ಚು ಎಂದು ತಿಳಿಯಿತು.’ ಅದರ ಕೆಳಗೂ ನಾನು ಸಹಿ ಮಾಡಿದ್ದೆ, ಓದಿರಲಿಲ್ಲ. ಹದಿನಾರು ವಿದ್ಯಾರ್ಥಿಗಳ ದಿನಚರಿ ನನ್ನ ಮೇಜಿನ ಮೇಲಿತ್ತು ಎಂಬುದು ನಿಜ. ಅದು ಕಾರಣವಾಗಬಹುದು, ಸಮಾಧಾನವಾಗಲಾರದು. ಬೆಂಗಳೂರಿನವರ ತಪ್ಪನ್ನು ತೂಗುವಾಗ ನನ್ನ ಐದು ಸಹಿಗಳನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು.

ಸ್ಥಾಪಕರನ್ನು ಕೆಟ್ಟವರೆಂದು ನಾನು ಭಾವಿಸುವುದಿಲ್ಲ. ಎರಡನೆಯ ಕಂತು ಬಾರದಿದ್ದರೆ ಅವರು ಬಾಡಿಗೆ ಕಟ್ಟಲಾರದ ಸ್ಥಿತಿಯಲ್ಲಿದ್ದರು. ಆ ಕಂತಿಗೆ 120 ಬೇಕಿತ್ತು. ಇನ್‌ಕ್ಯುಬೇಟರ್‌ನ ಸಮಿತಿ ಸ್ಥಾಪಕರಿಂದ ಸಂಖ್ಯೆ ಕೇಳಿತು, ಸ್ಥಾಪಕರು ಇಂಟರ್ನ್‌ಳಿಂದ ಸಂಖ್ಯೆ ಕೇಳಿದರು. ಕಚೇರಿಯಲ್ಲೇ ಕುಳಿತ ಇಂಟರ್ನ್ ಆಗಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ‘ಅಲ್ಲಿ ಹೀಗಂತೆ’ ಎಂದು ಒಂದು ಮಾತು ಬೀಳುತ್ತಿತ್ತು, ಯಾರಾದರೂ ಕಿವಿಗೊಡುತ್ತಿದ್ದರು. ದಿನಕ್ಕೊಂದು ಹತ್ತು ನಿಮಿಷದ ವಿಡಿಯೊ ಕರೆಯಲ್ಲಿ, ಡೇಟಾ ಉಳಿಸಲು ಕ್ಯಾಮೆರಾ ಮುಚ್ಚಿಕೊಂಡ ಹುಡುಗಿಗೆ ಆ ಊಟದ ಹೊತ್ತು ಸಿಗಲಿಲ್ಲ. ಅವಳ ಮೌನ ಅವರಿಗೆ ಸೋಮಾರಿತನವಾಗಿ ಕಂಡಿತು. ಅವರ ಮೌನ ಇವಳಿಗೆ ಒಪ್ಪಿಗೆಯಾಗಿ ಕಂಡಿತ್ತು: ಷರಾ ಓದಿದ್ದಾರೆ, ಮೆಚ್ಚಿದ್ದಾರೆ, ಅದಕ್ಕೇ ಏನೂ ಹೇಳುತ್ತಿಲ್ಲ ಎಂದು ಐದು ವಾರ ನಂಬಿಕೊಂಡಿದ್ದಳು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ನೋವು ಕೊಟ್ಟದ್ದು ಈ ಸಂಗತಿ.

ಎರಡು ಪುಟ, ಒಂದು ಕರೆ

ದೂರು ಬರೆಯುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು. ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ನನಗೆ ಕನ್ನಡದಲ್ಲಿ ಹೇಳು ಎಂದೆ. ನಲವತ್ತು ನಿಮಿಷ ತಡೆಯಿಲ್ಲದೆ ಹೇಳಿದಳು. ಇಂಗ್ಲಿಷಿನ ವಾರದ ವರದಿಯಲ್ಲಿ ‘ಕರೆ ಸ್ವೀಕರಿಸಲಿಲ್ಲ’ ಎಂದಷ್ಟೇ ಇದ್ದ ಸಾಲುಗಳ ಹಿಂದೆ ಮನೆ, ಮನುಷ್ಯರು, ಮಾತುಕತೆ ಎಲ್ಲವೂ ಇದ್ದವು. ಅದನ್ನೇ ಎರಡು ಪುಟಕ್ಕೆ ಇಳಿಸಿದಳು. ಮೊದಲ ಸಾಲಿನಲ್ಲೇ 93ರ ಲೆಕ್ಕ. ಎರಡನೆಯ ಸಾಲಿನಲ್ಲಿ, ಈ ಪಟ್ಟಿಯನ್ನು 120ಕ್ಕೆ ಮುಟ್ಟಿಸಲು ಸಾಧ್ಯವಿಲ್ಲ, ಏಕೆಂದರೆ ಇದರಲ್ಲಿ 120 ಹೊಲಿಗೆ ಘಟಕಗಳೇ ಇಲ್ಲ ಎಂಬ ಮಾತು. ಇಂಗ್ಲಿಷಿಗೆ ಅವಳೇ ತಿರುಗಿಸಿದಳು, ನಾನು ಕಾಗುಣಿತ ನೋಡಿದೆ ಅಷ್ಟೆ.

ಅದನ್ನು ಕಳುಹಿಸಿ, ಅರ್ಧ ಗಂಟೆಯ ಕರೆ ಕೇಳಿದೆವು. ಕರೆಯ ಹೊತ್ತಿಗೆ ಅವಳು ಮನೆಯಲ್ಲಿ ಕೂರದೆ ಕೌಲ್ ಬಜಾರಿನ ಆ ಮಾಲೀಕರ ಬಳಿ ಹೋದಳು. ಮೊಬೈಲ್ ಕ್ಯಾಮೆರಾವನ್ನು ಉದ್ದನೆಯ ಪುಸ್ತಕದ ಮೇಲೆ ಹಿಡಿದು, ಪೆನ್ಸಿಲ್ಲಿನ ಗೆರೆಗಳನ್ನು ಒಂದೊಂದಾಗಿ ಓದಿಸಿದಳು. ಕರೆಂಟು ಒಮ್ಮೆ ಹೋಯಿತು. ಯಂತ್ರಗಳೆಲ್ಲ ನಿಂತು ಕೋಣೆ ಸುಮ್ಮನಾದಾಗ ಮಾಲೀಕರ ಮಾತು ಬೆಂಗಳೂರಿಗೆ ಸ್ಪಷ್ಟವಾಗಿ ಕೇಳಿಸಿತು. ಅರ್ಧ ಗಂಟೆಗೆಂದು ಕೇಳಿದ ಕರೆ ಒಂದೂಕಾಲು ಗಂಟೆ ನಡೆಯಿತು. ಕೊನೆಗೆ ಸ್ಥಾಪಕರಲ್ಲೊಬ್ಬರು ‘ನಾವು ಮೂರು ತಿಂಗಳ ಹಿಂದೆಯೇ ಅಲ್ಲಿಗೆ ಬರಬೇಕಿತ್ತು’ ಎಂದರು. ಮುಂದಿನ ವಾರ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗಿನ ಜಾವ ಬಳ್ಳಾರಿಯಲ್ಲಿ ಇಳಿದರು. ಎರಡು ದಿನ ಅವಳು ಮುಂದೆ, ಅವರು ಹಿಂದೆ. ಅವರಿಗೆ ತೆಲುಗು ಬರುತ್ತಿರಲಿಲ್ಲ. ಅವಳು ನಡುವೆ ನಿಂತು ಎರಡೂ ಕಡೆ ತಿಳಿಸಿದಳು.

ಅಲ್ಲಿಂದ ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಗುರಿಪತ್ರ ಬದಲಿಸಲು ಇನ್‌ಕ್ಯುಬೇಟರ್‌ನ ಸಮಿತಿ ಸೇರಬೇಕಿತ್ತು, ಅದಕ್ಕೆ ಒಂದು ತಿಂಗಳು ಹಿಡಿಯಿತು. ಅಷ್ಟು ದಿನ ಕಂತು ನಿಂತಿತು, ಒಬ್ಬ ಸ್ಥಾಪಕರು ಹೊರಗಿನ ಕೆಲಸ ಹಿಡಿದರು. ಆರ್ಡರ್ ಜೋಡಿಸುವ ಆ್ಯಪನ್ನು ಬದಿಗಿಟ್ಟು, ಲಾಟ್ ಲೆಕ್ಕ ಇಡುವ ಚಿಕ್ಕ ಸಾಧನವೊಂದನ್ನು ಮಾಡಿ ನಾಲ್ವರು ಮಾಲೀಕರಿಗೆ ಕೊಟ್ಟರು. ಇಬ್ಬರು ತಿಂಗಳೊಳಗೆ ಬಿಟ್ಟರು. ಕಟಿಂಗ್ ಮುಗಿದ ಸುಸ್ತಿನಲ್ಲಿ ಮೊಬೈಲಿನಲ್ಲಿ ಅಂಕಿ ಒತ್ತುವುದಕ್ಕಿಂತ ಪೆನ್ಸಿಲ್ಲೇ ಸುಲಭ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಇನ್ನಿಬ್ಬರು ಇಟ್ಟುಕೊಂಡರು, ಅದರಲ್ಲಿ ಒಬ್ಬರು ಆ ಉದ್ದ ಪುಸ್ತಕದವರು.

ಇಂಟರ್ನ್‌ಗೆ ಪ್ರಮಾಣಪತ್ರ 19 ದಿನ ತಡವಾಗಿ ಬಂತು, ಒಳ್ಳೆಯ ಮಾತುಗಳೊಂದಿಗೆ. ಬಸ್ಸು ಉಚಿತವಾದರೂ ಆಟೊ, ಊಟ, ಮೊಬೈಲ್ ರೀಚಾರ್ಜಿಗೆ ಅವಳು ಕೈಯಿಂದ ಹಾಕಿದ 2,640 ರೂಪಾಯಿ ಮಾತ್ರ ಮರಳಲಿಲ್ಲ. ನಿಯಮದಲ್ಲಿ ಅದಕ್ಕೆ ಲೆಕ್ಕಶೀರ್ಷಿಕೆ ಇಲ್ಲ ಎಂದರು. ಎರಡು ಪತ್ರ ಬರೆದಿದ್ದೇನೆ, ಮೂರನೆಯದನ್ನೂ ಬರೆಯುತ್ತೇನೆ. ಈ ವರ್ಷದಿಂದ ನನ್ನ ವಿದ್ಯಾರ್ಥಿಗಳ ಒಪ್ಪಂದದಲ್ಲಿ ಸ್ಥಳೀಯ ಓಡಾಟದ ವೆಚ್ಚ ಯಾರದು ಎಂಬ ಸಾಲಿಲ್ಲದಿದ್ದರೆ ನಾನು ಸಹಿ ಮಾಡುವುದಿಲ್ಲ. ವಾರದ ದಿನಚರಿಯಲ್ಲಿ ಮೊದಲ ಪ್ರಶ್ನೆ ‘ಎಷ್ಟು ಮಾಡಿದೆ?’ ಎಂದು ಇತ್ತು. ಅದನ್ನು ಎರಡನೆಯದಾಗಿಸಿದ್ದೇನೆ. ಮೊದಲನೆಯದು: ‘ಈ ವಾರ ನೀನು ಕಂಡದ್ದರಲ್ಲಿ ಕಚೇರಿಯವರಿಗೆ ಇನ್ನೂ ತಿಳಿಯದ್ದು ಯಾವುದು?’ ಅದಕ್ಕೆ ಬಂದ ಉತ್ತರವನ್ನು ಓದಿ, ಸಹಿಯ ಪಕ್ಕದಲ್ಲಿ ಒಂದು ಸಾಲು ಬರೆಯುವುದು ನನ್ನ ಕೆಲಸ. ಹದಿನಾರು ಜನಕ್ಕೆ ವಾರಕ್ಕೆ ಎರಡು ಗಂಟೆ ಹಿಡಿಯುತ್ತದೆ.

ಸೆಪ್ಟೆಂಬರ್‌ನಲ್ಲಿ, ದಸರಾ ಮಾಲಿನ ಗಡಿಬಿಡಿ ಶುರುವಾದಾಗ, ಅವಳಿಂದ ನನಗೊಂದು ಸಂದೇಶ ಬಂತು. ಅಕ್ಕನ ಮದುವೆಗೆ ಬಟ್ಟೆ ತರಲು ಬಳ್ಳಾರಿಗೆ ಬಂದವಳು ಹಳೆಯ ಓಣಿಯಲ್ಲಿ ಹಾದುಹೋಗಿದ್ದಳು. ‘ಮೇಡಂ, 88ನೆಯ ಸಾಲಿನಲ್ಲಿ ಮುಚ್ಚಿದೆ ಎಂದು ಬರೆದಿದ್ದೆ. ಅದು ಮುಚ್ಚಿಲ್ಲ, ಹಬ್ಬದ ಹಂಗಾಮಿಗೆ ಮಾತ್ರ ತೆರೆಯುತ್ತಾರಂತೆ. ಇವತ್ತು ಆರು ಯಂತ್ರ ಓಡುತ್ತಿವೆ. ಪಟ್ಟಿ ನನಗೆ ಈಗ ತೆರೆಯುವುದಿಲ್ಲ. ದಯವಿಟ್ಟು ಅವರಿಗೆ ತಿಳಿಸುತ್ತೀರಾ?’ ಅಂದೇ ಸಂಜೆ ತಿಳಿಸಿದೆ. ರಾತ್ರಿಯೇ ಸ್ಥಾಪಕರ ಉತ್ತರ ಬಂತು: ಸಾಲು ತಿದ್ದಿದ್ದೇವೆ, ಪಟ್ಟಿಯನ್ನು ಅವಳಿಗೆ ಮತ್ತೆ ತೆರೆದುಕೊಟ್ಟಿದ್ದೇವೆ, ಉಳಿದ ಏಳನ್ನೂ ಒಮ್ಮೆ ನೋಡಲು ಸಾಧ್ಯವೇ, ಈ ಸಲ ಆಟೊ ಖರ್ಚು ನಮ್ಮದು.